ಎಡಗೈ ಹುಡುಗಿಯ ಜಾಕೆಟ್ಟು

ಕುಕ್ಕರ್ ಕೂಗುವ ಹೊತ್ತಿಗೆ ಕೆಳಗೆ ಎಲೆ ಗುಡಿಸುವವನ ಪೊರಕೆಯ ಸದ್ದು ನಿಂತಿರಬೇಕು. ನಿಂತಿಲ್ಲವೆಂದರೆ ನಾನು ಬೇಗ ಎದ್ದಿದ್ದೇನೆ ಎಂದರ್ಥ. ಆ ದಿನ ಪೊರಕೆ ಇನ್ನೂ ಪರಪರ ಎನ್ನುತ್ತಲೇ ಇತ್ತು. ಹೊರಗೆ ಬೆಳಕು ಹರಿದಿರಲಿಲ್ಲ. ಸಿಂಗಪುರದಲ್ಲಿ ಸೂರ್ಯ ಏಳುವುದೇ ತಡ. ಮಕ್ಕಳು ಅವನಿಗಿಂತ ಮುಂಚೆ ಎದ್ದು ಶಾಲೆಗೆ ಹೋಗಬೇಕು. ಚಿತ್ರಾನ್ನಕ್ಕೆ ಕಡಲೆಕಾಯಿ ಹುರಿದೆ, ನಿಂಬೆಹಣ್ಣು ಹಿಂಡಿದೆ, ಬೀಜ ಆರಿಸಿದೆ. ಗಂಡನ ಡಬ್ಬಿ, ಮಗಳ ಡಬ್ಬಿ, ಎರಡೂ ಒಂದೇ ಬಣ್ಣದವು. ದಿನಾ ಮುಚ್ಚಳ ತೆಗೆದು ನೋಡಿಯೇ ಚೀಲಕ್ಕೆ ಹಾಕಬೇಕು. ಅವರಿಗೆ ಹಸಿಮೆಣಸಿನಕಾಯಿ ಇರಬೇಕು, ಅವಳಿಗೆ ಇರಬಾರದು.

ಊಟದ ಮೇಜಿನ ಹತ್ತಿರ ಒಂದು ಕುರ್ಚಿಯಲ್ಲಿ ಜಾಕೆಟ್ಟು ಕೂತಿತ್ತು. ಯಾರೂ ಅದನ್ನು ತೂಗುಹಾಕಿರಲಿಲ್ಲ, ಮಡಿಸಿರಲಿಲ್ಲ. ಅದನ್ನು ಮಡಿಸಲು ಆಗುತ್ತಿರಲಿಲ್ಲ. ದಪ್ಪ ಕ್ಯಾನ್ವಾಸು, ಅಲ್ಲಲ್ಲಿ ಚರ್ಮ, ಭುಜಕ್ಕೂ ಮೊಣಕೈಗೂ ಗೀರುಗೀರಾದ ರಬ್ಬರಿನ ಪಟ್ಟಿ. ತೋಳುಗಳನ್ನು ಮುಂದಕ್ಕೆ ಚಾಚಿಕೊಂಡು, ಕಾಫಿಗೆ ಕಾದು ಕೂತ ನೆಂಟರ ಹಾಗೆ, ತಾನಾಗಿಯೇ ನೆಟ್ಟಗೆ ಕೂತಿತ್ತು. ಮೂರ್ನಾಲ್ಕು ದಿನದಿಂದ ನಾವು ಮೂವರೂ ಅದರ ಜೊತೆಯಲ್ಲೇ ಊಟ ಮಾಡುತ್ತಿದ್ದೆವು.

ನನ್ನ ಮಗಳು ಶಾಲೆಯಲ್ಲಿ ಏರ್ ರೈಫಲ್ ಹಿಡಿಯುತ್ತಿದ್ದಳು. ಇಲ್ಲಿ ಓದಿನ ಜೊತೆಗೆ ಪ್ರತಿ ಮಗುವೂ ಒಂದು ಆಟವನ್ನೋ ವಾದ್ಯವನ್ನೋ ಹಿಡಿಯಲೇಬೇಕು. ಬೇರೆಯವರ ಮನೆ ಹೆಣ್ಣುಮಕ್ಕಳು ಪಿಟೀಲು, ಬ್ಯಾಡ್ಮಿಂಟನ್ನು ಎಂದು ಹೋದರೆ ಇವಳು ಗುರಿ ಹೊಡೆಯಲು ಹೋದಳು. ಯಾಕೆ ಎಂದು ಕೇಳಿದ್ದಕ್ಕೆ, "ಅಲ್ಲಿ ಯಾರೂ ಕಿರುಚಲ್ಲಮ್ಮ" ಎಂದಿದ್ದಳು. ಬಂದೂಕನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಅದು ಶಾಲೆಯ ಬೀಗದ ಕೋಣೆ ಬಿಟ್ಟು ಹೊರಗೆ ಬರುವ ಹಾಗಿಲ್ಲ, ಅಪ್ಪ ಅಮ್ಮ ಒಳಗೆ ಹೋಗುವ ಹಾಗಿಲ್ಲ. ಮೈಸೂರಿನಿಂದ ಅತ್ತೆ ಫೋನಿನಲ್ಲಿ ಕೇಳಿದ್ದರು: "ಆಯುಧಪೂಜೆಗಾದ್ರೂ ಮನೆಗೆ ತರ್ತಾಳೇನೇ? ಒಂದು ಹೂವಿಟ್ಟು ವಾಪಸ್ ಕೊಟ್ರಾಯ್ತು."

"ಇಲ್ಲಮ್ಮ, ಇಲ್ಲಿ ಆಟದ ಪಿಸ್ತೂಲು ತಂದ್ರೂ ಕೇಳ್ತಾರೆ."

"ಹೋಗ್ಲಿ, ಹಾಗಾದ್ರೆ ಅವಳ ಕೈಗೇ ಹೂವಿಡು" ಎಂದು ನಕ್ಕಿದ್ದರು.

ಆ ಕೈ ಎಡಗೈ. ಅದೇ ಎಲ್ಲ ತೊಂದರೆಗೂ ಮೂಲ. ಮಗುವಾಗಿದ್ದಾಗ ಅತ್ತೆ ಚಮಚವನ್ನು ಎಡಗೈಯಿಂದ ತೆಗೆದು ಬಲಗೈಗೆ ಕೊಡುತ್ತಿದ್ದರು. ಅವಳು ಮತ್ತೆ ಎಡಗೈಗೆ ತೆಗೆದುಕೊಳ್ಳುತ್ತಿದ್ದಳು. ಅತ್ತೆಯೇ ಸೋತರು. ಊಟ ಒಂದನ್ನು ಬಲಗೈಯಲ್ಲಿ ಮಾಡುತ್ತಾಳೆ, ಉಳಿದದ್ದೆಲ್ಲ ಎಡಗೈಯೇ. ಶಾಲೆಯಲ್ಲಿ ಮಕ್ಕಳು ಹಂಚಿಕೊಂಡು ಹಾಕುವ ಜಾಕೆಟ್ಟುಗಳೆಲ್ಲ ಬಲಗೈಯವರಿಗೆ ಹೊಲಿದವು. ರಬ್ಬರಿನ ಪಟ್ಟಿಗಳು ಬೇಡದ ಕಡೆ ಇರುತ್ತವೆ. ಎಡಗೈಯ ಸೀನಿಯರ್ ಒಬ್ಬಳು ಇರುವವರೆಗೆ ಅವಳ ಜಾಕೆಟ್ಟಿನಲ್ಲೇ ಕಾಲ ಕಳೆಯಿತು. ಆ ಹುಡುಗಿ ಓದು ಮುಗಿಸಿ ಹೋದಳು, ಜಾಕೆಟ್ಟೂ ಹೋಯಿತು. ಅದೇ ಸಮಯಕ್ಕೆ ನಮ್ಮವಳು ಮೊಟ್ಟಮೊದಲ ಸಲ ಶಾಲೆಯ ಟೀಮಿಗೆ ಬಂದಳು. ಅಲ್ಲಿಯವರೆಗೆ ಅವಳನ್ನು ಯಾರೂ ಯಾವುದಕ್ಕೂ ಆರಿಸಿರಲಿಲ್ಲ. ಕ್ಲಾಸಿನ ಫೋಟೋದಲ್ಲಿ ಕೂಡ ಎತ್ತರದ ಹುಡುಗಿಯ ಹಿಂದೆ ಅರ್ಧ ಮುಖವಾಗಿ ನಿಲ್ಲುವ ಮಗು ಅದು.

ಪಂದ್ಯ ಮಾರನೆಯ ದಿನ ಬೆಳಿಗ್ಗೆ. ಮೈಗೆ ಸರಿಯಾಗುವ ಎಡಗೈ ಜಾಕೆಟ್ಟು ಆ ಸಂಜೆಯೊಳಗೆ ಸಿಗದಿದ್ದರೆ ಅವಳ ಜಾಗಕ್ಕೆ ಇನ್ನೊಬ್ಬಳು ಎಂದು ಕೋಚ್ ಹೇಳಿದ್ದರು. ಬೈದು ಹೇಳಿರಲಿಲ್ಲ. ಬೈಯದೆ ಹೇಳಿದ್ದರಿಂದಲೇ ಮಗಳು ಅತ್ತಿರಲಿಲ್ಲ. ಬಚ್ಚಲಿನಲ್ಲಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು.

ಕುರ್ಚಿಯಲ್ಲಿ ಕೂತಿದ್ದ ಜಾಕೆಟ್ಟೂ ಎಡಗೈಯದ್ದೇ. ಮೈಗೆ ಮಾತ್ರ ಸರಿಯಾಗಿರಲಿಲ್ಲ.

ಗಂಡ ಲ್ಯಾಪ್‌ಟಾಪ್ ಮುಂದೆ ಒಂದು ಕೈಯಲ್ಲಿ ಕಾಫಿ ಹಿಡಿದು ಬಗ್ಗಿದ್ದರು. ಟುವಾಸ್‌ನಲ್ಲಿ ಅವರು ಕೆಲಸ ಮಾಡುವ ಪೈಪಿನ ಕಾರ್ಖಾನೆ. ನಾವಿರುವುದು ಪೂರ್ವದ ಕೊನೆ, ಅದು ಪಶ್ಚಿಮದ ಕೊನೆ. ಕಂಪನಿ ಬಸ್ಸು ಬರುವ ಮುಂಚೆ, ಜಾಕೆಟ್ಟು ತರಿಸಿದ್ದ ಅಮೆರಿಕದ ಅಂಗಡಿಯ ಉತ್ತರ ಬಂದಿದೆಯೋ ಎಂದು ನೋಡುತ್ತಿದ್ದರು.

"ಏನಂತೆ ರೀ?"

"ತಗೊಳಲ್ವಂತೆ."

"ಯಾಕಂತೆ?"

"ಗನ್ ಪಾಲಿಸಿಯಂತೆ. ಶೂಟಿಂಗ್ ಸೆಕ್ಷನ್‌ದು ಏನೇ ಆಗ್ಲಿ, ಒಂದ್ಸಲ ದೇಶ ಬಿಟ್ಟು ಹೋದ್ಮೇಲೆ ವಾಪಸ್ಸೂ ಇಲ್ಲ, ಎಕ್ಸ್‌ಚೇಂಜೂ ಇಲ್ಲ."

"ಇದು ಗನ್ ಅಲ್ವಲ್ಲ, ಬಟ್ಟೆ."

"ನಾನೂ ಅದನ್ನೇ ಬರೆದೆ ಕಣೇ. ಅವರ ಕಂಪ್ಯೂಟರಿಗೆ ಬಟ್ಟೆನೂ ಗನ್ನೇ."

ಮಗಳು ಶೂ ಲೇಸು ಕಟ್ಟುತ್ತಾ ತಲೆ ಎತ್ತದೆ ಹೇಳಿದಳು: "ಅಪ್ಪ, ಅಮ್ಮ ಮೆಷರ್ ಮಾಡಿದ್ದು ಕರೆಕ್ಟಾಗೇ ಇತ್ತು. ನೀನೇ ಎಲ್ಲಾ ಕಡೆ ಎರಡೆರಡು ಇಂಚು ಆ್ಯಡ್ ಮಾಡ್ದೆ, ಲಾ." ಇಲ್ಲಿಯವರ ಹಾಗೆ ಮಾತಿನ ಕೊನೆಗೆ 'ಲಾ' ಸೇರಿಸುವುದು ಅವಳಿಗೂ ಅಂಟಿತ್ತು.

"ಬೆಳೀತಿದೀಯಲ್ಲ ಪುಟ್ಟ! ವರ್ಷಾ ವರ್ಷಾ ಹೊಸಾದು ತರಿಸಕ್ಕಾಗತ್ತಾ? ಏನೇ ಮಾಡಿದ್ರೂ ಸ್ವಲ್ಪ ಟಾಲರೆನ್ಸ್ ಇಡ್ಬೇಕು."

"ಇದು ಪೈಪ್ ಅಲ್ಲಪ್ಪ, ನಾನು."

ಅವರ ತಪ್ಪೆಂದು ಅಂದುಕೊಳ್ಳಲು ನನಗೂ ಆಗಲಿಲ್ಲ. ನಮ್ಮಲ್ಲಿ ಬೆಳೆಯುವ ಮಗುವಿಗೆ ಅಳತೆಗೆ ಸರಿಯಾಗಿ ಬಟ್ಟೆ ತಂದವರು ಯಾರಿದ್ದಾರೆ? ಕಾನ್ವೆಂಟಿನಲ್ಲಿ ನನ್ನ ನೀಲಿ ಪಿನಫೋರಿನ ಅಂಚನ್ನು ಅಮ್ಮ ಒಳಗೆ ಮಡಿಸಿ ಮಡಿಸಿ ಹೊಲಿದಿರುತ್ತಿದ್ದಳು. ಪ್ರತಿ ಜೂನ್‌ನಲ್ಲಿ ಒಂದು ಮಡಿಕೆ ಬಿಚ್ಚುತ್ತಿದ್ದಳು. ಬಿಚ್ಚಿದ ಕಡೆ ಬಣ್ಣ ಹೋಗದ ಒಂದು ಕಡುನೀಲಿ ಪಟ್ಟೆ. ಸಾಲಾಗಿ ನಿಂತಾಗ ಯಾರ ಪಿನಫೋರು ಎಷ್ಟು ವರ್ಷದ್ದು ಎಂದು ಸಿಸ್ಟರ್ ಆ ಪಟ್ಟೆಗಳನ್ನು ನೋಡಿಯೇ ಹೇಳುತ್ತಿದ್ದರು. ನಾಚಿಕೆ ಎಂದು ನಮಗೆ ಅನ್ನಿಸಿರಲಿಲ್ಲ. ಎಲ್ಲರ ಅಂಚಿನ ಮೇಲೂ ಪಟ್ಟೆ ಇತ್ತು. ಚಪ್ಪಲಿ ಒಂದು ಬೆರಳು ದೊಡ್ಡದು, ಸ್ವೆಟರು ಬೆರಳ ತುದಿ ಮುಚ್ಚುವಷ್ಟು. ಗಂಡ ಕೂಡ ಅಂಥದೇ ಮನೆಯಲ್ಲಿ ಬೆಳೆದವರು. ನಾನು ಟೇಪು ಹಿಡಿದು ಬರೆದುಕೊಟ್ಟ ಅಳತೆಗೆ ಅವರು ಎರಡಿಂಚು ಸೇರಿಸಿದ್ದು ಯೋಚನೆ ಮಾಡಿ ಅಲ್ಲ. ನಾವು ಅನ್ನಕ್ಕಿಡುವಾಗ ಒಂದು ಹಿಡಿ ಹೆಚ್ಚಿಗೆ ಹಾಕುವುದಿಲ್ಲವೇ, ಹಾಗೆ.

ಆದರೆ ಗುರಿ ಹೊಡೆಯುವವರ ಜಾಕೆಟ್ಟಿಗೆ ಆ ಹಿಡಿಯೇ ಆಗದು. ಮುಂದಿನ ಎರಡು ಅಂಚುಗಳನ್ನು ಎಳೆದು ನೋಡುತ್ತಾರೆ. ಒಂದರ ಮೇಲೊಂದು ಇಷ್ಟಕ್ಕಿಂತ ಹೆಚ್ಚು ಬಂದರೆ ಪಂದ್ಯಕ್ಕೆ ಬಿಡುವುದಿಲ್ಲ. ಯಾಕೆಂದು ಕೇಳಿದಾಗ ಮಗಳು ಹೇಳಿದ್ದಳು: "ದೊಡ್ಡ ಜಾಕೆಟ್ಟನ್ನ ಬಿಗಿಯಾಗಿ ಸುತ್ಕೊಂಡ್ರೆ ಅದೇ ನಮ್ಮನ್ನ ಹಿಡ್ಕೊಂಡ್ಬಿಡತ್ತಮ್ಮ. ನಾವು ನಿಲ್ಲಬೇಕಾಗೇ ಇರಲ್ಲ. ಅದು ಚೀಟಿಂಗ್." ಅಂಚು ಕತ್ತರಿಸಿ ಹೊಲಿಯೋಣವೆಂದು ನಾನು ದಬ್ಬಳ ಹಿಡಿದು ಕೂತೆ, ಸೂಜಿ ಮುರಿದುಕೊಂಡೆ. ಅಂಚು ಸರಿಹೋದರೂ ಭುಜದ ಪಟ್ಟಿ ತೋಳಿಗೆ ಜಾರಿ ಕೂರುತ್ತಿತ್ತು. ಅದಕ್ಕೆ ಯಾವ ಹೊಲಿಗೆಯೂ ಇಲ್ಲ.

ಅಮೆರಿಕದ ಆ ಅಂಗಡಿಯ ವೆಬ್‌ಸೈಟಿನ ಮುಂದೆ ನಾನೂ ಎಷ್ಟೋ ಸಂಜೆ ಕೂತಿದ್ದೆ. ಒಂದು ಪುಟದಲ್ಲಿ ಟೆನಿಸ್ ಚೆಂಡು, ಈಜುವ ಕನ್ನಡಕ. ಮುಂದಿನ ಪುಟದಲ್ಲಿ ಜಿಂಕೆ ಹೊಡೆಯುವ ಬಂದೂಕು. ಎರಡರ ಕೆಳಗೂ ಅದೇ ಪುಟ್ಟ ತಳ್ಳುಗಾಡಿಯ ಚಿತ್ರ. ಹೆಣ್ಣುಮಕ್ಕಳಿಗೆಂದು ಗುಲಾಬಿ ಬಣ್ಣದ ಒಂದು ಪುಟ್ಟ ರೈಫಲ್ಲೂ ಇತ್ತು, ಮೂತಿಗೆ ರಿಬ್ಬನ್ ಕಟ್ಟಿ ಫೋಟೋ ತೆಗೆದಿದ್ದರು. ನನಗೆ ಮೌಸ್ ಮುಟ್ಟಲೂ ಭಯವಾಗಿ ಕೈ ಮಡಿಲಿಗಿಟ್ಟುಕೊಂಡಿದ್ದೆ. ಅಷ್ಟು ಸಲೀಸಾಗಿ ಬಂದೂಕು ಮಾರುವ ಅಂಗಡಿ ಒಂದು ಜಾಕೆಟ್ಟು ಕಳಿಸಲು ನಮ್ಮನ್ನು ಎಷ್ಟು ಪ್ರಶ್ನೆ ಕೇಳಿತು! ಕೊನೆಗೆ ಬಂದ ಪೆಟ್ಟಿಗೆಯ ಮೇಲೆ ರೈಫಲ್ಲಿನ ಚಿತ್ರ ಅಚ್ಚಾಗಿತ್ತು. ಇಲ್ಲಿನವರು ಅದನ್ನು ಕೊರಿಯರ್ ಗೋದಾಮಿನಲ್ಲೇ ನಿಲ್ಲಿಸಿದರು. ಗಂಡ ಅರ್ಧ ದಿನ ರಜೆ ಹಾಕಿ ಕಾಕಿ ಬುಕಿತ್‌ನ ಆ ಗೋದಾಮಿಗೆ ಹೋಗಿ, ಅವರ ಕಣ್ಣೆದುರಿಗೇ ಪೆಟ್ಟಿಗೆ ಬಿಚ್ಚಿ, ಜಾಕೆಟ್ಟನ್ನು ಒದರಿ ತೋರಿಸಿ, ಮನೆಗೆ ಬಂದಾಗ ಗೆದ್ದವರ ಹಾಗೆ ಇದ್ದರು. "ನೋಡು, ಇನ್ನೆರಡು ಮೂರು ವರ್ಷ ಯೋಚನೆ ಇಲ್ಲ" ಎಂದಿದ್ದರು.

ಬಸ್ಸು ತಪ್ಪುತ್ತದೆಂದು ಅವರು ಓಡಿದರು. ಆ ವರ್ಷಗಳಲ್ಲಿ ಎಲ್ಲರೂ ಓಡುತ್ತಲೇ ಇದ್ದರು. ಯಾವ ಕಿಟಕಿಯಿಂದ ನೋಡಿದರೂ ಕ್ರೇನುಗಳು. ಎಲ್ಲರ ಕಂಪನಿಯಲ್ಲೂ ಹೊಸ ಕಟ್ಟಡ, ಹೊಸ ಪ್ರಾಜೆಕ್ಟು, ರಜೆ ಎಂದರೆ ಮೇಲಿನವರ ಮುಖ ಸಣ್ಣದು. ಮಗಳು ಬಾಗಿಲಲ್ಲಿ ನಿಂತು, "ಸಿಗ್ದಿದ್ರೆ ಪರವಾಗಿಲ್ಲಮ್ಮ" ಎಂದಳು. ಪರವಾಗಿಲ್ಲ ಎನ್ನುವಾಗ ಅವಳು ಯಾವಾಗಲೂ ಗೋಡೆ ನೋಡುತ್ತಾಳೆ.

ನಾನು ಜಾಕೆಟ್ಟನ್ನು ದೊಡ್ಡ ಚೀಲಕ್ಕೆ ತುರುಕಿದೆ. ತೋಳು ಒಳಗೆ ಹೋಗಲೊಲ್ಲದು. ಒಂದು ತೋಳು ಹೊರಗೆ ಚಾಚಿಕೊಂಡೇ ನನ್ನ ಜೊತೆ ಬಸ್ಸು ಹತ್ತಿತು, ಎಂಆರ್‌ಟಿ ರೈಲು ಹತ್ತಿತು. ಎದುರಿಗೆ ಕೂತ ಅಜ್ಜಿಯೊಬ್ಬಳು ಆ ಕೈಯನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದಳು.

ಕೋಚ್ ಹೇಳಿದ್ದ ಅಂಗಡಿ ಪೇಟೆಯ ಒಂದು ಹಳೆಯ ಮಾಲ್‌ನ ಮೂರನೇ ಮಹಡಿಯಲ್ಲಿತ್ತು. ಒಂದು ಪಕ್ಕ ಗಡಿಯಾರ ರಿಪೇರಿ, ಇನ್ನೊಂದು ಪಕ್ಕ ಖಾಲಿ. ಷಟಲ್‌ಕಾಕಿನ ಡಬ್ಬಿಗಳು ಛಾವಣಿಯವರೆಗೆ. ರಬ್ಬರು, ಹೊಸ ಚೆಂಡು, ತಲೆನೋವಿನ ಎಣ್ಣೆ ಸೇರಿದ ವಾಸನೆ. ಗಲ್ಲಾದ ಹಿಂದೆ ದಪ್ಪ ಅಕ್ಷರದ ಬೋರ್ಡು: ಗನ್ ಇಲ್ಲ. ಆಟದ ಗನ್ನೂ ಇಲ್ಲ. ಕೇಳಬೇಡಿ. ಅದರ ಕೆಳಗೆ ಬನಿಯನ್ ಹಾಕಿದ ವಯಸ್ಸಾದ ಚೀನೀ ಮಾಲೀಕ ರ್‍ಯಾಕೆಟ್ಟಿಗೆ ತಂತಿ ಬಿಗಿಯುತ್ತಿದ್ದ.

"ಯೆಸ್ ಆಂಟಿ" ಎಂದ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಇಲ್ಲಿ ಎಲ್ಲರೂ ಎಲ್ಲರಿಗೂ ಆಂಟಿಯೇ. ಗೊತ್ತಿದ್ದರೂ ಪ್ರತಿ ಸಲ ಸಣ್ಣದಾಗಿ ಚುಚ್ಚುತ್ತದೆ.

ನಾನು ಸಿಸ್ಟರುಗಳು ಕಲಿಸಿದ ಇಂಗ್ಲಿಷಿನಲ್ಲಿ, ಪೂರ್ತಿ ವಾಕ್ಯಗಳಲ್ಲಿ, ವಿಷಯವನ್ನೆಲ್ಲ ಹೇಳಿದೆ. ಅವನ ಕಣ್ಣು ಚೀಲದಿಂದ ಹೊರಗೆ ಚಾಚಿದ್ದ ತೋಳಿನ ಮೇಲೇ ಇತ್ತು.

"ಆನ್‌ಲೈನ್, ಆಹ್?"

ಹೌದೆಂದು ತಲೆಯಾಡಿಸಿದೆ.

"ಆನ್‌ಲೈನ್ ಚೀಪ್. ಬಟ್ ಆನ್‌ಲೈನ್ ಕೆನಾಟ್ ಪಿಂಚ್." ಎದ್ದು ಬಂದು ಜಾಕೆಟ್ಟಿನ ಭುಜವನ್ನು ಬೆರಳಲ್ಲಿ ಚಿವುಟಿ ತೋರಿಸಿದ. ಅವನ ಮಾತಿನ ಸಾರಾಂಶ ಇಷ್ಟು: ಜನ ಇಲ್ಲಿಗೆ ಬರುತ್ತಾರೆ, ಹಾಕಿಕೊಂಡು ನೋಡುತ್ತಾರೆ, ಸೈಜು ಕೇಳಿಕೊಂಡು ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ತರಿಸುತ್ತಾರೆ. ಸರಿಯಾಗದಿದ್ದರೆ ಮತ್ತೆ ತನ್ನ ಹತ್ತಿರವೇ ಬರುತ್ತಾರೆ. "ಮೈ ಶಾಪ್ ಇಸ್ ಟ್ರಯಲ್ ರೂಮ್, ಲಾ." ಕೋಪವೇನೂ ಇರಲಿಲ್ಲ. ಬಹಳ ಸಲ ಹೇಳಿ ಸವೆದ ಮಾತು.

ಎಡಗೈ ಜಾಕೆಟ್ಟು ಇದೆಯೇ ಎಂದೆ. ಅವನು ಕೋಲಿನಿಂದ ಮೇಲಿನ ಕೊಕ್ಕೆಯಿಂದ ಒಂದನ್ನು ಇಳಿಸಿದ. ಯಾರೂ ಕೊಳ್ಳದೆ ವರ್ಷಗಳಿಂದ ತೂಗುತ್ತಿದ್ದದ್ದು. ದೀಪದ ಕಡೆಗಿದ್ದ ಮಗ್ಗುಲು ಕೆಂಪು ಹೋಗಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು, ಇನ್ನೊಂದು ಮಗ್ಗುಲು ಹೊಸದರ ಹಾಗೇ ಇತ್ತು. ನಾನು ಭುಜದ ಅಗಲವನ್ನು ಗೇಣಿನಲ್ಲಿ ಹಿಡಿದು ನೋಡಿದೆ. ನನ್ನ ಮಗಳ ಬೆನ್ನು ನನ್ನ ಕೈಗೆ ಗೊತ್ತು. ಅಳತೆ ಕೂಡಿಬಂತು.

"ಇದನ್ನು ಕೊಡಿ" ಎಂದೆ.

"ಕೆನಾಟ್."

ಶೂಟಿಂಗಿನ ಸಾಮಾನು ಯಾವುದನ್ನೂ, ಕೈಗವಸನ್ನು ಕೂಡ, ಅವನು ಗುರುತಿಲ್ಲದವರಿಗೆ ಮಾರುವುದಿಲ್ಲ. ಶಾಲೆಯ ಕೋಚ್ ಫೋನಿನಲ್ಲಿ ಹೌದು ಎನ್ನಬೇಕು. ಅದು ಸರ್ಕಾರದ ನಿಯಮವೇ ಎಂದು ಕೇಳಿದೆ. "ನಾಟ್ ಗವರ್ನಮೆಂಟ್ ರೂಲ್. ಮೈ ರೂಲ್." ಅವನಿಗೆ ಬಂದೂಕು ಮಾರುವ ಲೈಸೆನ್ಸು ಇಲ್ಲ, ಬೇಕಾಗಿಯೂ ಇಲ್ಲ. ಇವತ್ತು ಜಾಕೆಟ್ಟು ಕೇಳುವವನು ನಾಳೆ ಗುಂಡು ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾನೆ, ಆಮೇಲೆ ಪೊಲೀಸರು ಬಂದು ತನ್ನನ್ನು ಕೇಳುತ್ತಾರೆ ಎಂದ. ನನ್ನನ್ನು ಮೇಲಿಂದ ಕೆಳಗೆ ನೋಡಿದ. ಹತ್ತಿ ಸೀರೆ, ಕೊಡೆ, ಕನ್ನಡಕ. "ಯು, ಐ ನಾಟ್ ಅಫ್ರೇಡ್. ಬಟ್ ರೂಲ್ ಇಸ್ ರೂಲ್."

ಕೋಚ್‌ಗೆ ಫೋನು ಮಾಡಿದ. ಪಾಠದಲ್ಲಿದ್ದರು. ಸಂದೇಶ ಬಿಟ್ಟ. ನನಗೊಂದು ಪ್ಲಾಸ್ಟಿಕ್ ಸ್ಟೂಲು ತೋರಿಸಿದ.

ಕೂತೆ. ಮಧ್ಯಾಹ್ನದವರೆಗೆ ಕೂತೆ, ಆಮೇಲೂ ಕೂತೆ. ಕೈಚೀಲದಲ್ಲಿ ಕಟ್ಟಿ ತಂದಿದ್ದ ಚಿತ್ರಾನ್ನ ಅಲ್ಲಿ ಬಿಚ್ಚಲು ಮನಸ್ಸಾಗಲಿಲ್ಲ. ಅಮೆರಿಕದ ಅಂಗಡಿಯಲ್ಲಿ ಮನುಷ್ಯರೇ ಸಿಕ್ಕಿರಲಿಲ್ಲ, ಪಾಲಿಸಿ ಮಾತ್ರ ಸಿಕ್ಕಿತ್ತು. ಇಲ್ಲಿ ಮನುಷ್ಯನಿದ್ದ, ತಂತಿ ಬಿಗಿಯುತ್ತಾ, ಆಗಾಗ ಬೆನ್ನು ನೀವಿಕೊಳ್ಳುತ್ತಾ. ಆದರೂ ನಾನು ಕೂತಿದ್ದದ್ದು ಅದೇ ಜಾಗದಲ್ಲಿ ಅನ್ನಿಸುತ್ತಿತ್ತು. ಬಿಗಿದ ತಂತಿಯನ್ನು ಅವನು ಉಗುರಿನಿಂದ ಮೀಟುತ್ತಿದ್ದ. ಶ್ರುತಿ ನೋಡುವ ಹಾಗೆ ಟಿಣ್ ಎನ್ನುತ್ತಿತ್ತು.

ಒಬ್ಬ ಎತ್ತರದ ಬಿಳಿಯ ಬಂದ. ಹೊಸದಾಗಿ ಬಂಗಲೆಗೆ ಬಂದಿದ್ದಾನಂತೆ, ಮರದಲ್ಲಿ ಮೈನಾಗಳು ಸಂಜೆಯೆಲ್ಲ ಕಿರುಚುತ್ತವಂತೆ, ಸಣ್ಣದೊಂದು ಏರ್ ಗನ್ ಬೇಕಂತೆ. ಮಾಲೀಕ ತಲೆ ಎತ್ತದೆ ಬೆರಳಿನಿಂದ ಬೋರ್ಡು ತೋರಿಸಿದ.

"ಹಾಗಾದರೆ ಹಕ್ಕಿಗಳಿಗೆ ಏನು ಮಾಡಲಿ?"

"ಕ್ಲ್ಯಾಪ್ ಹ್ಯಾಂಡ್ಸ್."

ಬಿಳಿಯ ನಕ್ಕು ಹೋದ. ಆಮೇಲೆ ಒಬ್ಬಳು ಅಜ್ಜಿ, ಮೊಮ್ಮಗನ ಹುಟ್ಟುಹಬ್ಬಕ್ಕೆ ಟಪಟಪ ಎನ್ನುವ ಪಿಸ್ತೂಲು ಕೇಳಿದಳು. ಅವಳಿಗೂ ಬೋರ್ಡೇ. ಆದರೆ ಅವಳ ಹಿಂದೆಯೇ ಹೋಗಿ ಒಂದು ಹಳದಿ ಫ್ರಿಸ್ಬಿಯನ್ನು ಕೈಗಿಟ್ಟು, ಹೇಗೆ ಎಸೆಯಬೇಕೆಂದು ಕಾರಿಡಾರಿನಲ್ಲಿ ತೋರಿಸಿಕೊಟ್ಟ. ಬಂದು ಕೂತು ನನಗೆ ಹೇಳಿದ: "ದಿನವೂ ಕೇಳುತ್ತಾರೆ. ಗನ್ ಇಲ್ಲದ ಅಂಗಡಿಗೆ ಬಂದು ಗನ್ನೇ ಕೇಳುತ್ತಾರೆ. ಷಟಲ್‌ಕಾಕು ಮಾತ್ರ ಕಂಪ್ಯೂಟರಿನಲ್ಲಿ ಕೊಳ್ಳುತ್ತಾರೆ." ಇನ್ನೊಂದು ವರ್ಷ ನೋಡಿ ಬಾಗಿಲು ಹಾಕುತ್ತೇನೆ ಎಂದ. ಪಕ್ಕದ ಖಾಲಿ ಅಂಗಡಿ ಕಡೆ ಗಲ್ಲ ಚಾಚಿದ. ನಾನು ನಮ್ಮ ದೊಡ್ಡ ಜಾಕೆಟ್ಟಿನ ತೋಳನ್ನು ಚೀಲದೊಳಗೆ ಮತ್ತೆ ತುರುಕಿದೆ. ಅದು ಮತ್ತೆ ಹೊರಗೆ ಬಂತು.

ಕೊನೆಗೆ ಫೋನು ಬಂತು. ಇಬ್ಬರೂ ಚೀನೀ ಭಾಷೆಯಲ್ಲಿ ಮಾತಾಡಿದರು. ನನ್ನ ಕಡೆ ತಿರುಗಿ, "ಕೋಚ್ ಸೇ ಓಕೆ" ಎಂದ. ನಾನು ಎದ್ದು ಪರ್ಸು ತೆಗೆದೆ. ಅವನು ಅಂಗೈ ಅಡ್ಡ ಹಿಡಿದ. "ಗರ್ಲ್ ಮಸ್ಟ್ ಕಮ್."

"ಅಳತೆ ನನಗೆ ಗೊತ್ತು."

"ಯುವರ್ ಹಸ್ಬೆಂಡ್ ಆಲ್ಸೋ ನೋ" ಎಂದು, ನಿಮ್ಮವರಿಗೂ ಗೊತ್ತಿತ್ತಲ್ಲ ಎನ್ನುವ ಹಾಗೆ ಚೀಲದ ಕಡೆ ನೋಡಿದ. ನನಗೆ ಅಷ್ಟು ಆಯಾಸದಲ್ಲೂ ನಗು ಬಂತು.

ಮಗಳನ್ನು ಕೋಚೇ ಕಳಿಸಿಕೊಟ್ಟರು. ಸಂಜೆಯ ಜನರ ನೂಕುನುಗ್ಗಲಿನಲ್ಲಿ ಬೆವೆತು, ಬೆನ್ನಿಗೆ ಶಾಲೆಯ ಚೀಲ ಹೊತ್ತು, ಜಡೆ ಅರ್ಧ ಬಿಚ್ಚಿ ಬಂದಳು. ಬಂದವಳೇ ಗಲ್ಲಾದ ಮೇಲಿದ್ದ ಜಾಕೆಟ್ಟನ್ನು ನೋಡಿದಳು, ಆಮೇಲೆ ನನ್ನನ್ನು. ಹಾಕಿಕೊಂಡಳು. ಗುಂಡಿಗಳು ಒಂದೊಂದಾಗಿ ಸೇರಿದವು. ಮಾಲೀಕ ಮುಂದಿನ ಅಂಚನ್ನು ಎಳೆದು ಸಣ್ಣ ಅಡಿಪಟ್ಟಿ ಇಟ್ಟು ನೋಡಿದ, ಭುಜ ಚಿವುಟಿದ, ಬೆನ್ನಿನ ಮೇಲೆ ಅಂಗೈ ಆಡಿಸಿದ. ಚಿವುಟಲು ಅವನ ಬೆರಳಿಗೆ ಏನೂ ಸಿಗಲಿಲ್ಲ.

"ನೌ ಪೊಸಿಷನ್" ಎಂದ.

ಗನ್ ಇಲ್ಲದ ಅಂಗಡಿ. ಅವಳು ಅತ್ತ ಇತ್ತ ನೋಡಿ ನನ್ನ ಕೊಡೆಯನ್ನು ತೆಗೆದುಕೊಂಡಳು.

"ನಾಟ್ ಅಟ್ ಕಸ್ಟಮರ್" ಎಂದ ಮಾಲೀಕ, ಗಂಭೀರವಾಗಿ.

ಅವಳು ಕಾಲು ಅಗಲಿಸಿ, ಸೊಂಟವನ್ನು ಒಂದು ಕಡೆ ವಾಲಿಸಿ, ಕೊಡೆಯ ಹಿಡಿಯನ್ನು ಎಡಭುಜಕ್ಕೆ ಒತ್ತಿ, ಬಲ ಮೊಣಕೈಯನ್ನು ಪಕ್ಕೆಲುಬಿಗೆ ಆನಿಸಿ, ಗೋಡೆಯ ಬೋರ್ಡಿಗೆ ಗುರಿ ಹಿಡಿದಳು. ಕೆನ್ನೆ ಕೊಡೆಯ ಬಟ್ಟೆಯ ಮೇಲೆ ಒರಗಿತು. ಆಮೇಲೆ ಅವಳು ನಿಂತಳು. ಅಷ್ಟೇ. ಉಸಿರು ಹೋಗುವುದು ಬರುವುದು ಕಾಣಿಸಿತು, ಆಮೇಲೆ ಅದೂ ಕಾಣಿಸಲಿಲ್ಲ. ಕೊಡೆಯ ತುದಿಯಲ್ಲಿ ನೇತಾಡುತ್ತಿದ್ದ ಸಣ್ಣ ಪಟ್ಟಿ ಕೂಡ ಅಲ್ಲಾಡುವುದನ್ನು ಬಿಟ್ಟಿತು. ಮಾಲೀಕ ಅಡಿಪಟ್ಟಿ ಹಿಡಿದೇ ನಿಂತಿದ್ದ. ಕಾರಿಡಾರಿನಲ್ಲಿ ಯಾರೋ ಟ್ರಾಲಿ ಗಡಗಡ ಎಳೆದುಕೊಂಡು ಹೋದರು, ಅವಳ ರೆಪ್ಪೆ ಬಡಿಯಲಿಲ್ಲ. ಊಟದ ಮೇಜಿನಲ್ಲಿ ಒಂದು ಕಡೆ ನೆಟ್ಟಗೆ ಕೂರದ, ಫೋಟೋದಲ್ಲಿ ಯಾರದೋ ಹಿಂದೆ ಸರಿಯುವ ನನ್ನ ಮಗಳು ಇವಳೇ ಎಂದು ನಾನು ನೋಡುತ್ತಾ ಇದ್ದುಬಿಟ್ಟೆ. ಶಾಲೆಯ ಆ ಬೀಗದ ಕೋಣೆಯ ಆಚೆ ದಿನಾ ಇದೇ ನಡೆಯುತ್ತಿತ್ತು, ನನಗೆ ಗೊತ್ತೇ ಇರಲಿಲ್ಲ.

"ಕ್ಯಾನ್" ಎಂದ ಮಾಲೀಕ, ಬಹಳ ಮೆಲ್ಲಗೆ. ಕೋಚ್‌ಗೆ ತಾನೇ ಫೋನು ಮಾಡಿ ಅದನ್ನೇ ಇನ್ನೊಂದು ಸಲ ಹೇಳಿದ. ಜಾಗ ಅವಳದೇ ಎಂದಾಯಿತು. ಜಾಕೆಟ್ಟಿನ ಬಣ್ಣ ಹೋದ ಮಗ್ಗುಲನ್ನು ತಟ್ಟಿ, "ಟಾರ್ಗೆಟ್ ನಾಟ್ ಲುಕ್ ಕಲರ್" ಎಂದ. ನಮ್ಮ ದೊಡ್ಡ ಜಾಕೆಟ್ಟನ್ನು ಅಂಗಡಿಯಲ್ಲಿಟ್ಟುಕೊಂಡು ಯಾರಿಗಾದರೂ ಕೊಡಲು ಆಗುತ್ತದೆಯೇ ಎಂದು ಕೇಳಿದೆ. ಎಡಗೈಯ ದೊಡ್ಡ ಹುಡುಗಿ ಎಲ್ಲಿ ಸಿಗುತ್ತಾಳೆ ಎಂದು ತಲೆಯಾಡಿಸಿದ.

ರೈಲಿನಲ್ಲಿ ಸೀಟು ಸಿಕ್ಕಿತು. ಅವಳು ಹೊಸ ಜಾಕೆಟ್ಟನ್ನು ಬಿಚ್ಚಲಿಲ್ಲ. ಬಿಚ್ಚಿದರೆ ಹಿಡಿದುಕೊಳ್ಳಲು ನಮಗೆ ಕೈಯಿರಲಿಲ್ಲ. ಜನ ನೋಡುತ್ತಿದ್ದರು, ಅವಳಿಗೆ ಅದು ಗೊತ್ತೇ ಆಗಲಿಲ್ಲ. ನಾನು ಡಬ್ಬಿಯ ಚಿತ್ರಾನ್ನವನ್ನು ನೆನೆದೆ. ರೈಲಿನಲ್ಲಿ ತಿನ್ನುವ ಹಾಗಿಲ್ಲ.

"ಅಮ್ಮ, ಇದೊಂದೇ ಸಾಕು. ಇನ್ನು ಬೇರೆ ತರಿಸ್ಬೇಡಿ" ಎಂದಳು.

"ಮುಂದಿನ ವರ್ಷಕ್ಕೆ ಅದಿದೆಯಲ್ಲ, ದೊಡ್ಡದು."

"ಮುಂದಿನ ವರ್ಷ ಸ್ಟೆಪ್ ಡೌನ್, ಲಾ. ಎಕ್ಸಾಮ್ ಇಯರ್. ಎಲ್ಲಾರೂ ಬಿಡ್ತಾರೆ." ಕಿಟಕಿಯಾಚೆ ನೋಡುತ್ತಾ ಹೇಳಿದಳು. "ಇದೂ ಪೂರ್ತಿ ವರ್ಷ ಬೇಕಾಗಲ್ಲ."

"ನಿನಗೆ ಬೇಜಾರಿಲ್ವಾ?"

"ನಾಳೆ ಇದೆಯಲ್ಲಮ್ಮ" ಎಂದಳು.

ಅವಳು ನನ್ನ ಹೆಗಲಿಗೆ ಒರಗಿದಳು. ಜಾಕೆಟ್ಟು ಬಗ್ಗಲೊಲ್ಲದು, ಹಾಗಾಗಿ ಹಲಗೆಯೊಂದು ಓರೆಯಾದ ಹಾಗೆ ಇಡೀ ಮೈ ಒರಗಿತು. ರಬ್ಬರಿನ ಪಟ್ಟಿ ನನ್ನ ತೋಳಿಗೆ ಒತ್ತುತ್ತಿತ್ತು. ಸರಿಯಲಿಲ್ಲ. ಬೆಳಿಗ್ಗೆಯಿಂದ ಹೊತ್ತ ಚೀಲ ಕಾಲ ಮೇಲಿತ್ತು. ಅದರೊಳಗಿನ ಎರಡಿಂಚು ಯಾವ ವರ್ಷಕ್ಕೂ ಬೇಕಾಗುವುದಿಲ್ಲ ಎಂದು ರಾತ್ರಿ ಅವಳ ಅಪ್ಪನಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಾ ನಮ್ಮ ಸ್ಟೇಷನ್ನು ಬರುವವರೆಗೆ ಕೂತೆ.

ಬ್ಲಾಕಿನ ಕೆಳಗೆ ಲಿಫ್ಟಿಗೆ ಕಾಯುವಾಗ ಮೇಲಿನ ಮಹಡಿಯ ಹುಡುಗಿ ಸಿಕ್ಕಳು. ಬೆಂಗಳೂರಿನವಳು, ಉಬಿಯಲ್ಲಿ ಯಾವುದೋ ಸಾಫ್ಟ್‌ವೇರ್ ಆಫೀಸು, ನಮ್ಮ ಮನೆಗೆ ಕರಿಬೇವಿಗೆ ಬರುವವಳು. ಕತ್ತಿನಲ್ಲಿ ಆಫೀಸಿನ ಕಾರ್ಡು ಹಾಗೇ ನೇತಾಡುತ್ತಿತ್ತು. ಮಗಳನ್ನು ನೋಡಿ, "ಓಹೋ, ಏನಿದು, ಆ್ಯಸ್ಟ್ರೋನಾಟಾ?" ಎಂದಳು. ಮಗಳು ನಕ್ಕು, "ನಾಳೆ ಕಾಂಪಿಟಿಷನ್, ಆಂಟಿ" ಎಂದಳು. ಆಂಟಿ ಎಂದದ್ದಕ್ಕೆ ಆ ಹುಡುಗಿಯ ಮುಖದಲ್ಲೂ ಒಂದು ಸಣ್ಣ ಮುಳ್ಳು ಚುಚ್ಚಿ ಹೋದದ್ದು ಕಂಡಿತು.

ಲಿಫ್ಟು ಬಂತು. ಒಳಗೆ ಹೋಗಿ ಗುಂಡಿ ಒತ್ತುತ್ತಾ ಆ ಬೆಂಗಳೂರಿನ ಹುಡುಗಿ ಜಾಕೆಟ್ಟಿನ ಎದೆಯ ಭಾಗವನ್ನು ಬೆರಳಿನಿಂದ ಎಳೆದು ನೋಡಿದಳು. ಎಳೆಯಲು ಏನೂ ಸಿಗಲಿಲ್ಲ.

"ಆಗ್ಲೇ ಇಷ್ಟು ಟೈಟಾ, ಆಂಟಿ?" ಎಂದಳು ನನ್ನ ಕಡೆ ತಿರುಗಿ. "ಬೆಳೆಯೋ ಹುಡುಗಿ. ಒಂದು ಸೈಜ್ ದೊಡ್ಡದೇ ತಗೊಂಡಿದ್ರೆ ಇನ್ನೆರಡು ವರ್ಷ ಬರ್ತಿತ್ತು."